ಬೇರೆ ಕಲ್ಲು

ವಯಸ್ಸಾದವನಿಗೆ ಈ ಕಾಲದಲ್ಲಿ ಒದಗಿಬರುವ ಗೌರವಗಳಲ್ಲಿ ಮಕ್ಕಳ ದಂಡಿಗೆ ಕಾವಲುಗಾರನಾಗಿ ಹೋಗುವುದೂ ಒಂದು. ನನ್ನ ಮೊಮ್ಮಗಳು ಓದುತ್ತಿರುವ ಕನ್ನಡ ಶಾಲೆಯಿಂದ ಈಚೆಗೆ ಒಂದು ಚೀಟಿ ಬಂತು. ನಾಲ್ಕನೆಯ ತರಗತಿಯ ಮಕ್ಕಳನ್ನು ‘ನಮ್ಮ ಸುತ್ತಲ ಭೂರೂಪಗಳು’ ಎಂಬ ಪಾಠದ ಸಲುವಾಗಿ ಲಾಲ್‌ಬಾಗಿಗೆ ಕರೆದುಕೊಂಡು ಹೋಗುವುದಾಗಿಯೂ, ಮನೆಯ ಹಿರಿಯರಲ್ಲಿ ಒಬ್ಬಿಬ್ಬರು ಜೊತೆಗೆ ಬಂದರೆ ಉಪಕಾರವಾಗುವುದಾಗಿಯೂ ಅದರಲ್ಲಿ ಬರೆದಿತ್ತು. ನನ್ನ ಮಗನಿಗೆ ಬಿಡುವಿಲ್ಲ. ಸೊಸೆಗೆ ಅವನಿಗಿಂತಲೂ ಬಿಡುವಿಲ್ಲ. ನಮ್ಮ ಮನೆಯಲ್ಲಿ ಬಿಡುವೆಂಬ ಆಸ್ತಿ ಇರುವುದೆಲ್ಲ ನನ್ನ ಹೆಸರಿನಲ್ಲೇ. ಆದ್ದರಿಂದ ಒಂದು ಛತ್ರಿ, ಒಂದು ನೀರಿನ ಬಾಟಲಿ, ಕನ್ನಡಕದ ಡಬ್ಬಿ ಇಷ್ಟನ್ನೂ ಹಿಡಿದುಕೊಂಡು ನಾನೇ ಹೊರಟೆ.

ಹೊರಡುವಾಗ ಒಂದು ಪ್ರತಿಜ್ಞೆ ಮಾಡಿಕೊಂಡಿದ್ದೆ: ಬಾಯಿ ಬಿಡಬಾರದು. ಉಪಾಧ್ಯಾಯರಿರುವ ಕಡೆ ಹಿರಿಯರೂ ಪಾಠ ಹೇಳಲು ಹೊರಟರೆ ಮಕ್ಕಳಿಗೆ ಎರಡು ಪಾಠವಾಗುತ್ತದೆ, ಎರಡೂ ಅರ್ಧರ್ಧ. ಈ ಪ್ರತಿಜ್ಞೆಯನ್ನು ಆ ದಿನ ನಾನು ಎರಡು ಸಲ ಮುರಿದೆ. ಮೊದಲನೆಯ ಸಲ ನಿಜ ಹೇಳಿದೆ. ಎರಡನೆಯ ಸಲ ಸುಳ್ಳು ಹೇಳಿದೆ. ಆ ಸುಳ್ಳಿನ ವಿಚಾರವನ್ನು ಓದುಗರ ಮುಂದಿಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮಕ್ಕಳು ನಲವತ್ತೆರಡು ಮಂದಿ. ಒಬ್ಬರ ಹಿಂದೊಬ್ಬರು ಅಂಗಿ ಹಿಡಿದುಕೊಂಡು ರೈಲಿನಂತೆ ನಡೆಯಬೇಕೆಂದು ಅಪ್ಪಣೆಯಾಗಿತ್ತು. ರೈಲೇನೋ ಸರಿಯಾಗಿಯೇ ಹೊರಟಿತು. ಬಾಗಿಲು ದಾಟುವ ಹೊತ್ತಿಗೆ ಗಾಡಿಗಳೆಲ್ಲ ಬೇರೆ ಬೇರೆಯಾಗಿ, ಕೆಲವು ಅಳಿಲಿನ ಹಿಂದೆಯೂ ಕೆಲವು ಸೌತೆಕಾಯಿ ಮಾರುವವನ ಕಡೆಗೂ ಹೊರಳಿದವು. ಕರೆದುಕೊಂಡು ಬಂದಿದ್ದ ಉಪಾಧ್ಯಾಯಿನಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗದರಿಸದೆ, ಒಂದೊಂದು ಮಗುವನ್ನೂ ಹೆಸರು ಹಿಡಿದು ಕೂಗಿ ಮತ್ತೆ ಸಾಲಿಗೆ ತಂದರು. ನನಗೆ ಅವರ ಮೇಲೆ ಆಗಲೇ ಗೌರವ ಹುಟ್ಟಿತು. ಈಗಲೂ ಅದು ಕಡಮೆಯಾಗಿಲ್ಲ. ಮುಂದೆ ಹೇಳುವುದನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕೆಂದು ನನ್ನ ಪ್ರಾರ್ಥನೆ.

ಪ್ರತಿಯೊಬ್ಬರ ಕೈಯಲ್ಲೂ ಒಂದು ಹಾಳೆ. ಅದರಲ್ಲಿ ಬೆಟ್ಟ, ಗುಡ್ಡ, ಬಂಡೆ, ಕಣಿವೆ, ಇಳಿಜಾರು, ಕೆರೆ ಎಂದು ಬರೆದು ಎದುರಿಗೆ ಚೌಕಗಳು. ಕಂಡದ್ದಕ್ಕೆ ಗುರುತು ಹಾಕಬೇಕು. ಕೊನೆಯಲ್ಲಿ ಎರಡು ಗೆರೆ ಖಾಲಿ ಬಿಟ್ಟು ಒಂದು ಪ್ರಶ್ನೆ: ‘ಬಂಡೆಗಳನ್ನು ಉಳಿಸಲು ನೀವು ಏನು ಮಾಡುವಿರಿ?’

ಲಾಲ್‌ಬಾಗಿನ ಬಂಡೆಯನ್ನು ಬೆಂಗಳೂರಿನವರಿಗೆ ಯಾರೂ ವರ್ಣಿಸಬೇಕಾಗಿಲ್ಲ. ನಾವೆಲ್ಲರೂ ಒಂದಲ್ಲ ಒಂದು ಸಂಜೆ ಅದರ ಮೇಲೆ ಕುಳಿತು ಕಡಲೆಕಾಯಿ ತಿಂದವರೇ. ತುದಿಯಲ್ಲಿ ಕೆಂಪೇಗೌಡರ ಹೆಸರಿನ ಗೋಪುರ. ಕಾಲಕೆಳಗೆ, ಹೈದರಾಲಿ 1760ರಲ್ಲಿ ಹಾಕಿಸಲು ತೊಡಗಿದ ತೋಟ. ಆದರೆ ಕಾಲಿಟ್ಟು ನಿಂತ ಕಲ್ಲು ಎಂಥದೆಂದು ಕೇಳಿದವರು ನಮ್ಮಲ್ಲಿ ಕಡಮೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಎಂಬುವರು 1916ರಲ್ಲಿ ಈ ಜಾತಿಯ ಕಲ್ಲಿಗೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿ ಫಲಕ ಹಾಕಿದ್ದಾರೆ. ಉಪಾಧ್ಯಾಯಿನಿ ಅದನ್ನು ಓದಿ ಹೇಳಿದಾಗ ಒಬ್ಬ ಹುಡುಗಿ, “ನೈಸ್ ಅಂದ್ರೆ ಚೆನ್ನಾಗಿದೆ ಅಂತಲಾ ಮಿಸ್?” ಎಂದಳು. “ಅದು ಬೇರೆ ನೈಸ್, ಆದ್ರೆ ಇದೂ ಚೆನ್ನಾಗೇ ಇದೆ” ಎಂದರು ಅವರು. ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ಹೊಳೆಯುತ್ತಿರಲಿಲ್ಲ.

ಆಮೇಲೆ ಮಕ್ಕಳನ್ನೆಲ್ಲ ಬಗ್ಗಿಸಿ ಕಲ್ಲಿನ ಮೈ ತೋರಿಸಿದರು. ಬೂದುಬಣ್ಣದ ಮೈಯಲ್ಲಿ ಬಿಳಿಯ ಪಟ್ಟೆ, ಕರಿಯ ಪಟ್ಟೆ, ಕೆಲವೆಡೆ ನೇರವಾಗಿ, ಕೆಲವೆಡೆ ಸೀರೆಯ ನೆರಿಗೆಯಂತೆ ಮಡಿಚಿಕೊಂಡು. ನೆಲದ ಆಳದಲ್ಲಿ ಕಾವಿಗೂ ಒತ್ತಡಕ್ಕೂ ಸಿಕ್ಕಿ ಕಲ್ಲು ಹಿಟ್ಟಿನ ಮುದ್ದೆಯಂತೆ ನಾದಿಸಿಕೊಂಡಾಗ ಹೀಗಾಗುತ್ತದೆ. ಬಿಳಿಯದರಲ್ಲಿ ಬೆಣಚುಕಲ್ಲಿನ ಅಂಶ ಹೆಚ್ಚು. ಕರಿಯದರಲ್ಲಿ ಕಪ್ಪು ಕಾಗೆಬಂಗಾರದಂಥವು. ಇದಕ್ಕೆ ವಯಸ್ಸು ಸುಮಾರು 300 ಕೋಟಿ ವರ್ಷ. ಮಕ್ಕಳಿಗೆ ಕೋಟಿಯೂ ಒಂದೇ, ಸಾವಿರವೂ ಒಂದೇ ಎಂದು ಬಲ್ಲ ಉಪಾಧ್ಯಾಯಿನಿ ಒಂದು ಲೆಕ್ಕ ಹೇಳಿದರು. ಈ ಬಂಡೆಯ ಆಯುಸ್ಸನ್ನೆಲ್ಲ ಕುಗ್ಗಿಸಿ ಒಂದು ದಿನ ಮಾಡಿದರೆ, ಒಂದು ಸೆಕೆಂಡಿಗೆ ಸುಮಾರು 35,000 ವರ್ಷ ಬರುತ್ತದೆ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿದ್ದು ಮೊದಲ್ಗೊಂಡು ಇವತ್ತಿನವರೆಗೆ ಈ ಊರಿನ ಬಾಳೆಲ್ಲ ಆ ದಿನದಲ್ಲಿ ಒಮ್ಮೆ ಕಣ್ಣು ಮಿಟುಕಿಸುವಷ್ಟೂ ಅಲ್ಲ. ಮಕ್ಕಳೆಲ್ಲ ಒಟ್ಟಿಗೆ ಕಣ್ಣು ಮಿಟುಕಿಸಿದರು. ನಾನೂ ಮಿಟುಕಿಸಿದೆ.

ನನ್ನ ಪ್ರತಿಜ್ಞೆ ಮೊದಲು ಮುರಿದದ್ದು ಬಂಡೆಯ ತುದಿಯಲ್ಲಿ. ಹಾಳೆಯಲ್ಲಿ ‘ಕಣಿವೆ’ ಎಂಬ ಚೌಕ ಖಾಲಿ ಉಳಿದಿತ್ತು. ಸುತ್ತ ನೋಡಿದರೆ ಕಟ್ಟಡಗಳೇ ಕಟ್ಟಡಗಳು. ಕಣಿವೆ ಎಲ್ಲಿ ಹುಡುಕುವುದು? ನನಗೆ ತಡೆಯಲಾಗಲಿಲ್ಲ. ಬೆಂಗಳೂರು ಒಂದು ಬೆನ್ನಿನ ಮೇಲೆ ಕೂತ ಊರು, ಅದರ ಎರಡು ಪಕ್ಕಗಳೂ ಇಳಿಜಾರು, ಮೇಲೆ ಮನೆ ಕಟ್ಟಿದ್ದರಿಂದ ಕಾಣುತ್ತಿಲ್ಲ ಅಷ್ಟೆ ಎಂದೆ. ಆ ಬೆನ್ನಿನ ಒಂದು ಪಕ್ಕಕ್ಕೆ ಬಿದ್ದ ಮಳೆ ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿಗೆ ಸೇರಿ, ಅರ್ಕಾವತಿಗೆ ಸೇರಿ, ಕಾವೇರಿಗೆ ಹೋಗುತ್ತದೆ. ಇನ್ನೊಂದು ಪಕ್ಕಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. “ಸರಿಯಾಗಿ ನಡುವೆ ಬಿದ್ದ ಹನಿ?” ಎಂದು ಯಾರೋ ಕೇಳಿದರು. “ಸರಿಯಾಗಿ ನಡುವೆ ಯಾವ ಹನಿಯೂ ಬೀಳೋದಿಲ್ಲ ಮಗು. ಕೂದಲೆಳೆಯಷ್ಟು ಇಳಿಜಾರಿದ್ದರೂ ಅದು ಆ ಕಡೆಗೇ ಹೋಗುತ್ತೆ” ಎಂದೆ. ಹೇಳಿದವನಿಗೆ ತನ್ನ ಮಾತಿನ ಅರ್ಥ ಅರ್ಧ ಗಂಟೆಯಾದ ಮೇಲೆ ತಿಳಿಯಿತು.

ಇಳಿಯುವಾಗ ಒಬ್ಬ ಹುಡುಗ ನನ್ನ ಪಕ್ಕಕ್ಕೆ ಬಂದು ನಡೆಯತೊಡಗಿದ. ಮಾತು ಕಡಮೆ. ಒಂದು ಕಡೆ ನಿಂತು ಹಿಮ್ಮಡಿಯಿಂದ ಬಂಡೆಯನ್ನು ಎರಡು ಸಲ ಗುದ್ದಿದ. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಗುದ್ದಿದ. “ತಾತ, ಇಲ್ಲಿ ಪದರ ಬಿಟ್ಟಿದೆ. ಅಲ್ಲಿ ಗಟ್ಟಿ ಇದೆ. ಸದ್ದು ಬೇರೆ ಬರುತ್ತೆ” ಎಂದ. ನಾನೂ ಗುದ್ದಿ ನೋಡಿದೆ. ನನ್ನ ಕಿವಿಗೆ ಎರಡೂ ಒಂದೇ. ಆದರೆ ಅವನು ಹೇಳಿದ್ದು ನಿಜವೆಂದು ಬಲ್ಲೆ: ಇಂಥ ಬಂಡೆ ಬಿಸಿಲಿಗೂ ಮಳೆಗೂ ಸಿಕ್ಕಿ ಈರುಳ್ಳಿಯಂತೆ ಪದರ ಬಿಡುತ್ತದೆ. ನಮ್ಮ ಕಡೆಯ ಹಳೆಯ ಕಲ್ಲುಕೆಲಸದವರು ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕಿ, ಆ ಕಾವನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸುತ್ತ, ಸುತ್ತಿಗೆಯ ಸದ್ದಿನಿಂದಲೇ ಪದರ ಎಷ್ಟು ದೂರ ಎದ್ದಿದೆಯೆಂದು ತಿಳಿದು ಚಪ್ಪಡಿ ಎಬ್ಬಿಸುತ್ತಿದ್ದರು. “ಯಾರು ಹೇಳಿಕೊಟ್ಟರು?” ಎಂದು ಕೇಳಿದೆ. “ಅಪ್ಪ. ಆನೇಕಲ್ ಕಡೆ ಕೆಲಸ. ವಾರಕ್ಕೊಂದ್ಸಲ ಬರ್ತಾರೆ. ನಮ್ಮ ತಾತ ಬೆಂಕಿ ಹಾಕ್ತಿದ್ರಂತೆ. ಈಗ ಮದ್ದು ಇಟ್ಟು ಸಿಡಿಸ್ತಾರೆ” ಎಂದ.

ಅಷ್ಟರಲ್ಲಿ ಕೆಳಗೆ ಮಕ್ಕಳನ್ನೆಲ್ಲ ನೆರಳಿಗೆ ಕೂರಿಸಿ ಕೊನೆಯ ಪ್ರಶ್ನೆಗೆ ಬಂದಿದ್ದರು.

“ಇಷ್ಟು ಹಳೆಯ ಬಂಡೆಗಳನ್ನ ದುಡ್ಡಿನ ಆಸೆಗೆ ಒಡೆದು ಹಾಳು ಮಾಡ್ತಾರೆ ಮಕ್ಕಳೇ. ಅದು ಸರಿಯಾ?”

“ತಪ್ಪು ಮಿಸ್!”

“ಹಾಗೆ ಒಡೆಯೋರು ಭೂಮಿತಾಯಿಗೆ ಸ್ನೇಹಿತರಾ, ಶತ್ರುಗಳಾ?”

“ಶತ್ರುಗಳು ಮಿಸ್!” ನಲವತ್ತೊಂದು ಕಂಠಗಳು.

ನನ್ನ ಪಕ್ಕದಲ್ಲಿದ್ದವನು ಎದ್ದು ನಿಂತ. “ಮಿಸ್, ನಮ್ಮಪ್ಪ ಕಲ್ಲು ಒಡೀತಾರೆ.” ದೂರಿನಂತೆ ಹೇಳಲಿಲ್ಲ, ಅವಮಾನವಾದಂತೆಯೂ ಹೇಳಲಿಲ್ಲ. ಪೆನ್ಸಿಲ್ ತಂದಿಲ್ಲ ಎಂದು ತಿಳಿಸುವ ಹಾಗೆ ತಿಳಿಸಿದ.

ಉಪಾಧ್ಯಾಯಿನಿಯ ಮುಖ ಕೆಂಪಾಯಿತು. ಮಗುವಿನ ಮನಸ್ಸು ನೋಯಿಸಿದೆನಲ್ಲಾ ಎಂಬ ಗಾಬರಿ ಅವರ ಕಣ್ಣಿನಲ್ಲಿ ಸ್ಪಷ್ಟವಾಗಿ ಕಂಡಿತು. “ಅಯ್ಯೋ, ನಿಮ್ಮಪ್ಪನ್ನ ಹೇಳಿದ್ದಲ್ಲ ಕಣೋ. ಅವರು ಒಡೆಯೋದು ಇಂಥ ಕಲ್ಲಲ್ಲ. ಅದು ಬೇರೆ ಕಲ್ಲು” ಎಂದವರು, ನನ್ನ ಕಡೆ ತಿರುಗಿ, “ಅಲ್ವಾ ತಾತ?” ಎಂದರು.

ಹುಡುಗನೂ ನನ್ನ ಕಡೆ ನೋಡಿದ.

“ಹೌದು. ಅದು ಬೇರೆ ಕಲ್ಲು” ಎಂದೆ.

ಅವನು ಕುಳಿತ. ಪಾಠ ಮುಂದುವರಿಯಿತು. ಚಿತ್ರಾನ್ನದ ಡಬ್ಬಿಗಳು ತೆರೆದವು. ಹೊರಗಿನವರು ನೋಡಿದ್ದರೆ ಅಲ್ಲಿ ಏನೋ ನಡೆಯಿತೆಂದೂ ಹೇಳುತ್ತಿರಲಿಲ್ಲ.

ಅದು ಬೇರೆ ಕಲ್ಲಲ್ಲ. ಈ ಜಾತಿಯ ಕಲ್ಲು ದಕ್ಷಿಣ ಕರ್ನಾಟಕದ ಬಹುಪಾಲು ನೆಲದ ತಳದಲ್ಲಿ ಹಾಸಿಕೊಂಡಿದೆ. ಲಾಲ್‌ಬಾಗಿನಲ್ಲಿ ಅದು ತಲೆಯೆತ್ತಿದೆ, ಆನೇಕಲ್ಲಿನ ಕಡೆಯೂ ತಲೆಯೆತ್ತುತ್ತದೆ. ಒಂದರ ಮುಂದೆ ಫಲಕ ಹಾಕಿದ್ದಾರೆ, ಇನ್ನೊಂದರ ಮುಂದೆ ಲಾರಿ ನಿಂತಿದೆ. ಇರುವ ವ್ಯತ್ಯಾಸ ಅದು.

ಇಷ್ಟು ಸಣ್ಣ ಮಾತಿಗೆ ಇಷ್ಟು ಯೋಚನೆಯೆ ಎಂದು ಯಾರಾದರೂ ಕೇಳಬಹುದು. ಮಗುವಿನ ನೋವನ್ನು ತಪ್ಪಿಸಲು ಆಡಿದ ಸುಳ್ಳು ಸುಳ್ಳೇ ಅಲ್ಲ ಎಂದು ಸಮಾಧಾನ ಹೇಳುವವರೂ ಉಂಟು. ನಾನೂ ಮನೆಗೆ ಬರುವ ದಾರಿಯಲ್ಲಿ ಹಾಗೆಯೇ ಹೇಳಿಕೊಂಡೆ. ಆದರೆ ಮೂವತ್ತೈದು ವರ್ಷ ಕಚೇರಿಯಲ್ಲಿ ಕಡತಗಳನ್ನು ನೋಡಿದವನಿಗೆ ಒಂದು ಅಭ್ಯಾಸ ಹತ್ತಿರುತ್ತದೆ: ಯಾವ ಟಿಪ್ಪಣಿಯನ್ನು ನೋಡಿದರೂ ಇದರಿಂದ ಯಾರಿಗೆ ಅನುಕೂಲ ಎಂದು ಕೇಳುವುದು. ಕರುಣೆಯ ಸುಳ್ಳಿಗೂ ಈ ಪರೀಕ್ಷೆ ಸಲ್ಲುತ್ತದೆ. ಸಾಯುವ ಹಾಸಿಗೆಯಲ್ಲಿರುವ ತಾಯಿಗೆ, ದೂರದ ಮಗ ಹೊರಟಿದ್ದಾನೆ ಎಂದು ಸುಳ್ಳು ಹೇಳಿದವನಿಗೆ ಅದರಿಂದ ಏನೂ ದಕ್ಕುವುದಿಲ್ಲ. ಆ ಸುಳ್ಳಿನ ಭಾರವನ್ನೂ ಅವನೇ ಹೊರುತ್ತಾನೆ. ನನ್ನ ಸುಳ್ಳು ಅಂಥದೆ? ಅದರಿಂದ ನನಗೇನೂ ದಕ್ಕಲಿಲ್ಲವೆ?

ದಕ್ಕಿತು. ‘ಅದೇ ಕಲ್ಲು’ ಎಂದು ನಾನು ಹೇಳಿದ್ದರೆ ಮಕ್ಕಳ ತೀರ್ಪು ಮೊದಲು ಆ ಹುಡುಗನ ತಂದೆಯ ಮೇಲೆ ಬೀಳುತ್ತಿತ್ತು, ನಿಜ. ಆದರೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಆತ ಒಡೆದ ಕಲ್ಲು ಎಲ್ಲಿಗೆ ಹೋಯಿತು ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತಿತ್ತು. ನಡುವೆ ಬಿದ್ದ ಹನಿ ಎಲ್ಲಿಗೆ ಹೋಗುತ್ತದೆಂದು ಕೇಳಿದ ಮಕ್ಕಳು ಇದನ್ನು ಬಿಟ್ಟಾರೆಯೆ? ಆಗ ಆ ತೀರ್ಪು ಉರುಳುತ್ತ ಬಂದು ಶಾಲೆಯ ಗೋಡೆಗೆ, ಅವರವರ ಮನೆಯ ಮೆಟ್ಟಿಲಿಗೆ, ನನ್ನ ಕಾಲಬುಡಕ್ಕೆ ತಗಲುತ್ತಿತ್ತು. ‘ಬೇರೆ ಕಲ್ಲು’ ಎಂದುದರಿಂದ ನ್ಯಾಯಾಲಯ ಹಾಗೆಯೇ ಉಳಿಯಿತು. ಶಿಕ್ಷೆ ಹಾಗೆಯೇ ಉಳಿಯಿತು. ಒಬ್ಬ ಆಪಾದಿತನನ್ನು ಮಾತ್ರ ಸದ್ದಿಲ್ಲದೆ ಹಿಂಬಾಗಿಲಿನಿಂದ ಕಳುಹಿಸಿದಂತಾಯಿತು. ಇನ್ನೆಲ್ಲೋ ಇರುವ, ಮುಖವಿಲ್ಲದ ‘ಒಡೆಯುವವರು’ ಶತ್ರುಗಳಾಗಿಯೇ ಉಳಿದರು. ನಾವೆಲ್ಲ ಭೂಮಿತಾಯಿಯ ಸ್ನೇಹಿತರಾಗಿ ಚಿತ್ರಾನ್ನ ತಿಂದೆವು. ಹನಿ ಇಳಿಜಾರು ಇದ್ದ ಕಡೆಗೇ ಹೋಯಿತು.

ನನ್ನ ಮನೆಯ ಮಾತು ಹೇಳಿಬಿಡುತ್ತೇನೆ. 1986ರಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆ. ಪಾಯಕ್ಕೆ ಸೈಜುಗಲ್ಲು, ಮೇಲೆ ಇಟ್ಟಿಗೆ, ತಾರಸಿಗೆ ಜಲ್ಲಿ. ಲಾರಿಯಲ್ಲಿ ಕಲ್ಲು ಬಂದು ಇಳಿದಾಗ, ಹತ್ತಾರು ಕಲ್ಲು ಕಡಮೆಯಿದೆ ಎಂದು ಜಗಳವಾಡಿ ಬೆಲೆ ಇಳಿಸಿದವನು ನಾನು. ನಿವೇಶನದಲ್ಲಿ ಇಬ್ಬರು ಗಂಡಸರೂ ಒಬ್ಬ ಹೆಂಗಸೂ ವಾರಗಟ್ಟಲೆ ಕುಕ್ಕುರುಗಾಲಿನಲ್ಲಿ ಕುಳಿತು ಉಳಿ ಸುತ್ತಿಗೆ ಹಿಡಿದು ಅದರ ಮುಖ ತಿದ್ದಿದರು. ಹಗಲೆಲ್ಲ ಅವರ ಸುತ್ತ ಬಿಳಿಯ ಧೂಳು. ಆ ಧೂಳು ಎಂಥದೆಂದು ಆಗ ನನಗೆ ತಿಳಿಯದು, ಈಗ ಬಲ್ಲೆ. ಬೆಣಚಿನ ಸಣ್ಣ ಹುಡಿ ವರ್ಷಗಟ್ಟಲೆ ಉಸಿರಿನೊಡನೆ ಒಳಗೆ ಹೋದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಬಂದರೆ ವಾಸಿ ಮಾಡುವ ಔಷಧವಿಲ್ಲ. ಆ ಮೂವರ ಹೆಸರನ್ನು ನಾನು ಕೇಳಿದ್ದೆನೆ? ನೆನಪಿಲ್ಲ; ಕೇಳಿರಲಾರೆ. ಕಲ್ಲು ಯಾವ ಬೆಟ್ಟದ್ದೆಂದಂತೂ ಕೇಳಲೇ ಇಲ್ಲ. ಗೃಹಪ್ರವೇಶದ ದಿನ ಎಲ್ಲರೂ ಪಾಯ ಗಟ್ಟಿಯಾಗಿದೆ ಎಂದು ಹೊಗಳಿದರು. ಹೊಗಳಿಕೆಯನ್ನು ನಾನು ಸ್ವೀಕರಿಸಿದೆ.

ಹಾಗಾದರೆ ಕಲ್ಲು ಒಡೆಯುವುದು ತಪ್ಪೆ? ಇದನ್ನು ನೇರವಾಗಿ ಎದುರಿಸದೆ ಗತಿಯಿಲ್ಲ.

ತಪ್ಪೇನೂ ಇಲ್ಲ, ಕಲ್ಲು ಜಡ, ಜಡಕ್ಕೆ ನೋವಿಲ್ಲ, ನೋವಿಲ್ಲದ ಕಡೆ ಪಾಪವೂ ಇಲ್ಲ ಎಂಬುದು ಒಂದು ವಾದ. ಕೇಳಲು ಗಟ್ಟಿಯಾಗಿದೆ. ಆದರೆ ಹಾಗೆ ವಾದಿಸುವವರನ್ನು ಕರೆದು, ನಾಳೆ ಲಾಲ್‌ಬಾಗಿನ ಬಂಡೆಗೆ ಮದ್ದು ಇಡುತ್ತಾರಂತೆ ಎಂದರೆ ಅವರ ಎದೆಯೂ ಧಸಕ್ಕೆನ್ನುತ್ತದೆ. ಯಾಕೆ? ಹಳೆಯದೆಂದೆ? ವಯಸ್ಸಿನ ಮಾತಾದರೆ, ನಮ್ಮ ಬೀದಿಗೆ ಹಾಕಿದ ಜಲ್ಲಿಗೂ ಅಷ್ಟೇ ವಯಸ್ಸು. 300 ಕೋಟಿ ವರ್ಷದ ಹಿರಿಯನ ಮೇಲೆ ನಾವು ದಿನವೂ ಸ್ಕೂಟರ್ ಓಡಿಸುತ್ತೇವೆ, ಯಾರಿಗೂ ಕೈಮುಗಿಯಬೇಕೆನಿಸುವುದಿಲ್ಲ. ಅಂದಮೇಲೆ ನಮ್ಮನ್ನು ತಡೆಯುವುದು ವಯಸ್ಸಲ್ಲ. ಒಡೆದಾಗ ಕಲ್ಲು ನಾಶವಾಗುವುದಿಲ್ಲ, ಬೆಟ್ಟ ನಾಶವಾಗುತ್ತದೆ. ಮಳೆಯನ್ನು ಈ ಕಡೆಗೋ ಆ ಕಡೆಗೋ ತಿರುಗಿಸುತ್ತಿದ್ದ ಇಳಿಜಾರು, ಜೇನು ಕಟ್ಟುತ್ತಿದ್ದ ಗವಿ, ಕುರಿ ಮೇಯಿಸುವವನು ಕೂರುತ್ತಿದ್ದ ನೆರಳು, ಮಕ್ಕಳು ಜಾರುತ್ತಿದ್ದ ಜಾರು, ಇವು ಹೋಗುತ್ತವೆ. ಮರ ಕಡಿದವನು ಸಸಿ ನೆಟ್ಟು, ಇಪ್ಪತ್ತು ವರ್ಷ ಕಾದು, ಸಾಲ ತೀರಿತು ಎನ್ನಬಹುದು. ಬೆಟ್ಟ ಒಡೆದವನು ಏನು ನೆಡುತ್ತಾನೆ? ಇದು ತೀರಿಸಲಾಗದ ಸಾಲ. ತೀರಿಸಲಾಗದ ಸಾಲವನ್ನು ಮಾಡಲೇಬಾರದೆಂದು ನಾನು ಹೇಳಲಾರೆ. ಆದರೆ ಅದನ್ನು ಸಾಲವೇ ಅಲ್ಲ ಎನ್ನುವುದು ಮೋಸ.

ಇನ್ನೊಂದು ವಾದ ಇದಕ್ಕೆ ತಿರುಗಾಮುರುಗಾ: ಬೆಟ್ಟ ಪವಿತ್ರ, ಮುಟ್ಟುವುದೇ ಪಾಪ ಎಂಬುದು. ಇದೂ ನಿಲ್ಲುವುದಿಲ್ಲ. ಸುಮಾರು 981ರಲ್ಲಿ ಶ್ರವಣಬೆಳಗೊಳದ ಬೆಟ್ಟದ ನೆತ್ತಿಯ ಕಲ್ಲನ್ನು ಉಳಿಯಿಂದ ತೆಗೆದು ತೆಗೆದು ಬಿಸಾಡದಿದ್ದರೆ ಗೊಮ್ಮಟ ಹೊರಗೆ ಬರುತ್ತಿರಲಿಲ್ಲ. ಬೆಂಗಳೂರಿನ ಸುತ್ತಿನ ಕಲ್ಲು ಒಡೆದು ತರದಿದ್ದರೆ 1956ರಲ್ಲಿ ಮುಗಿದ ವಿಧಾನಸೌಧ ಇರುತ್ತಿರಲಿಲ್ಲ. ಅಷ್ಟೇಕೆ, ನಮ್ಮ ಅಜ್ಜಿಯಂದಿರ ಒರಳು, ಬೀಸುವ ಕಲ್ಲು, ಬಾವಿಯ ಕಟ್ಟೆ, ಊರಬಾಗಿಲಿನ ಮೆಟ್ಟಿಲು, ದೇವರ ವಿಗ್ರಹ ಕೂಡ, ಇವೆಲ್ಲ ಯಾವುದೋ ಬಂಡೆಯ ಚೂರುಗಳೇ. ಮುಟ್ಟುವುದು ಪಾಪವಾದರೆ ನಮ್ಮ ನಾಗರಿಕತೆಯೇ ಪಾಪ. ಅಷ್ಟು ದೊಡ್ಡ ಪಾಪ ಯಾರಿಗೂ ನೋವು ಕೊಡುವುದಿಲ್ಲ. ಎಲ್ಲರ ಪಾಪ ಎಂದರೆ ಯಾರದೂ ಅಲ್ಲ ಎಂದಾಗುತ್ತದೆ.

ಉಳಿದದ್ದು ಅಳತೆಯ ಮಾರ್ಗ: ಬೇಕಾದಷ್ಟು ತೆಗೆದುಕೊ, ಅದಕ್ಕಿಂತ ಹೆಚ್ಚು ಬೇಡ. ಎಲ್ಲರೂ ಒಪ್ಪುವ ಮಾತು. ಒಪ್ಪಿ ಏನನ್ನೂ ಬಿಡದೆ ಇರಬಹುದಾದ ಮಾತು. ‘ಬೇಕಾದಷ್ಟು’ ಎಂಬುದು ಬೆಟ್ಟಕ್ಕಿಂತ ಬೇಗ ಬೆಳೆಯುತ್ತದೆ. 1986ರಲ್ಲಿ ನಮ್ಮ ಅಡುಗೆಮನೆಗೆ ಒಂದು ಕಡಪಾ ಕಲ್ಲು ಸಾಕಾಗಿತ್ತು. ಆಮೇಲೆ ಅದನ್ನು ಕಿತ್ತು ಕನ್ನಡಿಯಂತೆ ಹೊಳೆಯುವ ಗ್ರಾನೈಟು ಹಾಕಿಸಿದೆವು. ಆ ಬಣ್ಣ ಹಳತಾಯಿತೆಂದು ಇನ್ನೊಂದು. ಮೊದಲಿನ ಎರಡೂ ಸವೆದಿರಲಿಲ್ಲ. ಹೊಳೆಯ ಮರಳು ಸಾಲದಾದಾಗ ಈಗ ಬಂಡೆಯನ್ನೇ ಪುಡಿಮಾಡಿ ‘ಎಂ ಸ್ಯಾಂಡ್’ ಎಂದು ಮಾರುತ್ತಾರೆ. ಹೋದ ವರ್ಷ ಮೇಲಂತಸ್ತಿನಲ್ಲಿ ಒಂದು ಕೋಣೆ ಏರಿಸಿದಾಗ ನಾವೂ ಅದನ್ನು ಕೊಂಡೆವು. ಆ ಕೋಣೆಯಲ್ಲಿ ಈಗ ಹಳೆಯ ಸೂಟ್‌ಕೇಸುಗಳಿವೆ. ಯಾರು ಯಾರನ್ನು ಶತ್ರುವೆನ್ನಬೇಕು?

ಹಳೆಯ ಧರ್ಮಶಾಸ್ತ್ರಕಾರರು ಒಂದು ಕಡೆ ಬಹಳ ನಿಷ್ಠುರರಾಗಿದ್ದರು. ಪ್ರಾಣಿಯನ್ನು ಕೊಂದ ದೋಷ ಕತ್ತಿ ಹಿಡಿದವನಿಗೆ ಮಾತ್ರ ತಗಲುತ್ತದೆಂದು ಅವರು ಹೇಳಲಿಲ್ಲ. ಅನುಮತಿ ಕೊಟ್ಟವನು, ಮಾರಿದವನು, ಕೊಂಡವನು, ಬೇಯಿಸಿದವನು, ತಿಂದವನು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಮಾಂಸದ ಮಾತು ಹೇಗಾದರೂ ಇರಲಿ, ಸಾಲಿನ ನ್ಯಾಯ ಸರಿ. ಕಲ್ಲಿನ ವಿಷಯದಲ್ಲೂ ಒಂದು ಸಾಲುಂಟು. ಅದರ ಒಂದು ತುದಿಯಲ್ಲಿ ಸುತ್ತಿಗೆ ಹಿಡಿದವನು; ಇನ್ನೊಂದು ತುದಿಯಲ್ಲಿ ತಂಪಾದ ನೆಲದ ಮೇಲೆ ಕಾಲು ಚಾಚಿ ಪತ್ರಿಕೆ ಓದುವವನು. ಸಾಲಿನಲ್ಲಿ ಲಾಭ ಅತಿ ಕಡಮೆ ಯಾರಿಗೋ ಅವನಿಗೇ ಧೂಳು ಅತಿ ಹೆಚ್ಚು. ಅವನೊಬ್ಬನನ್ನೇ ಎಳೆದು ‘ಶತ್ರು’ ಎನ್ನುವುದು ಅನ್ಯಾಯ ಮಾತ್ರವಲ್ಲ, ಹೇಡಿತನ. ಅವನೇ ನಮ್ಮ ಕೈಗೆ ಸುಲಭವಾಗಿ ಸಿಕ್ಕುವವನು.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಬರುತ್ತದೆ. ಇದನ್ನೆಲ್ಲ ಒಂಬತ್ತು ವರ್ಷದ ಮಕ್ಕಳಿಗೆ ಹೇಳುವುದೆ? ಚಿಕ್ಕವರಿಗೆ ಒಳ್ಳೆಯದು, ಕೆಟ್ಟದ್ದು ಎಂದು ಎರಡೇ ಬಣ್ಣ ತೋರಿಸಬೇಕು, ಬೂದುಬಣ್ಣವನ್ನು ಅವರು ತಾವೇ ಕಂಡುಕೊಳ್ಳುತ್ತಾರೆ ಎಂಬ ಅಭಿಪ್ರಾಯವನ್ನು ತಳ್ಳಿಹಾಕುವಂತಿಲ್ಲ. ಬೆಟ್ಟ ಉಳಿಯಬೇಕಾದರೆ ಯಾರಾದರೂ ಅದನ್ನು ಚಿಕ್ಕಂದಿನಲ್ಲಿ ಪ್ರೀತಿಸಿರಬೇಕು. ಎಲ್ಲರೂ ಪಾಲುದಾರರೆಂದು ಮೊದಲೇ ಹೇಳಿದರೆ ಪ್ರೀತಿಗೆ ಮುಂಚೆ ಬೇಸರ ಹುಟ್ಟೀತು. ಆ ಉಪಾಧ್ಯಾಯಿನಿ ಮಕ್ಕಳಲ್ಲಿ ಆ ಪ್ರೀತಿಯನ್ನು ಹುಟ್ಟಿಸಿದ್ದರು. ಬಂಡೆಯ ಮೇಲೆ ಅಂಗೈಯಿಟ್ಟು, “ಬಿಸಿಯಾಗಿದೆ, ಜ್ವರ ಬಂದಿದೆ” ಎಂದ ಮಗುವನ್ನು ನಾನು ಕಣ್ಣಾರೆ ಕಂಡೆ. ಅದು ಸಣ್ಣ ಕೆಲಸವಲ್ಲ.

ಆದರೂ ನನಗೆ ತೋರುವುದು ಇಷ್ಟು. ಮಕ್ಕಳು ಬೂದುಬಣ್ಣವನ್ನು ಬಲ್ಲರು. ಅವರು ದಿನವೂ ಸುಳ್ಳು ಹೇಳುತ್ತಾರೆ, ದಿನವೂ ಕ್ಷಮೆ ಕೇಳುತ್ತಾರೆ. ತಪ್ಪು ಮಾಡಿದವನೂ ನಮ್ಮವನೇ ಆಗಿರಬಹುದೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರಿಗೆ ಹೊರಲಾಗದ್ದು ಒಂದೇ: ತಪ್ಪೆಲ್ಲ ತಮ್ಮ ತಂದೆಯದು, ಉಳಿದವರದು ಏನೂ ಇಲ್ಲ ಎಂಬ ಮಾತು. ಆ ದಿನ ಒಂದು ಶಬ್ದವನ್ನು ಬದಲಾಯಿಸಿದ್ದರೆ ಸಾಕಾಗಿತ್ತು. ‘ಅವರು ಒಡೆಯುತ್ತಾರೆ’ ಎನ್ನುವ ಬದಲು ‘ನಾವು ಒಡೆಸುತ್ತೇವೆ’ ಎಂದಿದ್ದರೆ ಆ ಹುಡುಗ ಎದ್ದು ನಿಲ್ಲಬೇಕಾಗಿಯೇ ಇರಲಿಲ್ಲ. ಎದ್ದು ನಿಂತಿದ್ದರೂ, ಸದ್ದಿನಿಂದ ಪದರ ಗುರುತಿಸುವುದು ಹೇಗೆಂದು ತರಗತಿಗೆ ತೋರಿಸಲು ನಿಲ್ಲುತ್ತಿದ್ದ. ನಮ್ಮಲ್ಲಿ ಆ ಬಂಡೆಯನ್ನು ಬಲ್ಲವನು ಅವನೊಬ್ಬನೇ ಆಗಿದ್ದ. ನಾವು ಅವನನ್ನು ಕೂರಿಸಿದೆವು.

ಆ ಸಂಜೆ ಮೊಮ್ಮಗಳು ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಕೊನೆಯ ಎರಡು ಗೆರೆ ಇನ್ನೂ ಖಾಲಿ. “ತಾತ, ಬಂಡೆ ಉಳಿಸೋಕೆ ಏನು ಮಾಡ್ತೀರಿ ಅಂತ ಬರೀಬೇಕು. ಎಲ್ಲರೂ ‘ಒಡೆಯೋರಿಗೆ ಬುದ್ಧಿ ಹೇಳ್ತೀವಿ’ ಅಂತ ಬರೆದಿದ್ದಾರೆ. ನಾನು ಏನು ಬರೀಲಿ?”

ನಾನು ಅವಳ ಕೈಹಿಡಿದು ಮನೆಯ ಹಿಂಬದಿಗೆ ಕರೆದುಕೊಂಡು ಹೋದೆ. ಅಲ್ಲಿ ಪಾಯದ ಕಲ್ಲುಗಳಿಗೆ ಗಾರೆ ಮೆತ್ತಿಲ್ಲ, ಸುಣ್ಣ ಬಳಿದಿದೆಯಷ್ಟೆ. ತೆಂಗಿನ ನಾರಿನಿಂದ ಒಂದು ಕಲ್ಲನ್ನು ತಿಕ್ಕಿ ತೊಳೆದೆವು. ಸುಣ್ಣ ಬಿಟ್ಟ ಮೇಲೆ ಬೂದುಬಣ್ಣ ಕಂಡಿತು. ಇನ್ನೂ ತಿಕ್ಕಿದ ಮೇಲೆ ಬಿಳಿಯ ಪಟ್ಟೆ, ಪಕ್ಕದಲ್ಲಿ ಕರಿಯ ಪಟ್ಟೆ, ಸೀರೆಯ ನೆರಿಗೆಯಂತೆ ಒಂದು ಮಡಿಕೆ. ಅವಳು ಸ್ವಲ್ಪ ಹೊತ್ತು ನೋಡಿದಳು.

“ತಾತ! ಇದು ಅದೇ ಕಲ್ಲು!”

“ಹೌದು.”

“ಮತ್ತೆ ನೀನು ಬೇರೆ ಕಲ್ಲು ಅಂದೆ?”

“ತಪ್ಪು ಹೇಳಿದೆ ಮಗು.”

“ನಮ್ಮ ಮನೆಗೂ ಬೆಟ್ಟ ಒಡೆದಿದ್ದಾರಾ?”

“ಒಡೆಸಿದವನು ನಾನೇ.”

ಅವಳು ಏನನ್ನೂ ಹೇಳಲಿಲ್ಲ. ಕಲ್ಲಿನ ಮೇಲೆ ಅಂಗೈಯಿಟ್ಟು ನಿಂತಿದ್ದಳು. ಒಳಗೆ ಹೋಗಿ ಎರಡು ಗೆರೆಗಳಲ್ಲಿ ಏನು ಬರೆದಳೋ ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ಮಾರನೆಯ ದಿನ ಶಾಲೆಯಿಂದ ಬಂದವಳು ಚೀಲ ಇಳಿಸುತ್ತಲೇ ವರದಿ ಒಪ್ಪಿಸಿದಳು.

“ಅವನಿಗೆ ಹೇಳ್ದೆ ತಾತ. ನಮ್ಮನೆ ಕಲ್ಲೂ ಅದೇ, ನಿಮ್ಮಪ್ಪ ಒಡೆಯೋದೂ ಅದೇ, ಲಾಲ್‌ಬಾಗಲ್ಲಿರೋದೂ ಅದೇ ಅಂತ.”

“ಏನೆಂದ?”

“‘ನಂಗೊತ್ತಿತ್ತು’ ಅಂದ. ಅವತ್ತೇ ಗೊತ್ತಿತ್ತಂತೆ. ಆಮೇಲೆ, ‘ನಿಮ್ಮ ತಾತ ಯಾಕೆ ಬೇರೆ ಅಂದ್ರು?’ ಅಂತ ಕೇಳ್ದ.”

ಇಷ್ಟು ಹೊತ್ತು ನಾನು ಬರೆದದ್ದು ಆ ಪ್ರಶ್ನೆಗೆ ಉತ್ತರ. ಓದುಗರಿಗೆ ಇದು ಸಾಕಾದೀತು. ಒಂಬತ್ತು ವರ್ಷದವನಿಗೆ ಸಾಲದು. ಅವನಿಗೆ ಇಷ್ಟುದ್ದ ಬೇಕಾಗಿಲ್ಲ. ಶನಿವಾರ ಮೊಮ್ಮಗಳನ್ನು ಕರೆತರಲು ನಾನೇ ಹೋಗಬೇಕು. ಅಷ್ಟರೊಳಗೆ ಅದನ್ನು ಒಂದೇ ಮಾತಿನಲ್ಲಿ, ಅವನ ಮುಖ ನೋಡಿಕೊಂಡು ಹೇಳುವಷ್ಟಕ್ಕೆ ಇಳಿಸಬೇಕಾಗಿದೆ.